ಮುಕ್ತ ಕ್ರೀಡಾ ದತ್ತಾಂಶದ ಮೂಲೋಲ್ಲೇಖ
ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಪಂದ್ಯಗಳ ಅಂಕಿಅಂಶವನ್ನು ಸಂಶೋಧನಾ ಪ್ರಬಂಧ, ಪ್ರಾಜೆಕ್ಟ್ ವರದಿಗಳಲ್ಲಿ ಬಳಸುವಾಗ ಅದನ್ನು ಕಲೆಹಾಕಿದವರನ್ನು ಹೆಸರಿಸುವ ಕ್ರಮ. ಕ್ರಿಕೆಟ್‌ನಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಸ್ಟೀಫನ್ ರಷ್ ಅವರ ಕ್ರಿಕ್‌ಶೀಟ್ ಜಾಲತಾಣ ಒದಗಿಸುವ ಎಸೆತವಾರು ದಾಖಲೆ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊದಲ ಐಪಿಎಲ್ ಪಂದ್ಯ ಅಲ್ಲಿ 335982 ಸಂಖ್ಯೆಯ ಕಡತ. ಬ್ರೆಂಡನ್ ಮೆಕಲಮ್ 73 ಎಸೆತಗಳಲ್ಲಿ ಬಾರಿಸಿದ ಅಜೇಯ 158ರ ಒಂದೊಂದು ರನ್ನೂ ಬೌಲರ್ ಹೆಸರಿನ ಸಮೇತ ಅದರಲ್ಲಿದೆ.

ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು ಈ ಕಡತವನ್ನು ಬಳಸಿದರೆ ಕ್ರಿಕ್‌ಶೀಟ್‌ನ ಹೆಸರು, ಕಡತದ ಸಂಖ್ಯೆ, ಇಳಿಸಿಕೊಂಡ ದಿನಾಂಕ ಮೂರನ್ನೂ ಬರೆಯಬೇಕು. ತಪ್ಪು ಕಂಡಾಗ ಕ್ರಿಕ್‌ಶೀಟ್ ಕಡತವನ್ನು ತಿದ್ದುವುದುಂಟು. ದಿನಾಂಕವಿಲ್ಲದಿದ್ದರೆ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುವುದು ಕಷ್ಟ. ದತ್ತಾಂಶ ಹಂಚಿಕೆಯ ತಾಣ ಕ್ಯಾಗಲ್‌ನಲ್ಲಿ ಸಿಗುವ ಐಪಿಎಲ್ ದತ್ತಾಂಶದಲ್ಲಿ ಕ್ರಿಕ್‌ಶೀಟ್‌ನಿಂದಲೇ ತೆಗೆದ ನಕಲುಗಳಿವೆ. ಅಂಥಲ್ಲಿ ಮೂಲ, ನಕಲು ಎರಡನ್ನೂ ಹೇಳಬೇಕು. ಕ್ಯಾಗಲ್ ಒಂದನ್ನೇ ನಮೂದಿಸಿದರೆ ಎಸೆತ ಎಸೆತವನ್ನೂ ಜೋಡಿಸಿಟ್ಟವರಿಗೆ ಅನ್ಯಾಯವಾಗುತ್ತದೆ.

ಷರತ್ತುಗಳು ಎಲ್ಲೆಡೆ ಒಂದೇ ಅಲ್ಲ. ಬೇಸ್‌ಬಾಲ್‌ನ ರೆಟ್ರೋಶೀಟ್ ತಾನು ಕೊಟ್ಟ ಹೇಳಿಕೆಯನ್ನು ಎದ್ದು ಕಾಣುವಂತೆ ಅಚ್ಚುಹಾಕಬೇಕೆನ್ನುತ್ತದೆ. ಫುಟ್‌ಬಾಲ್‌ನ ಸ್ಟ್ಯಾಟ್ಸ್‌ಬಾಂಬ್ ಹೆಸರಿನ ಜೊತೆ ಲಾಂಛನವನ್ನೂ ಕೇಳುತ್ತದೆ.