ಮೆಕೆಂಜಿ ಕುಲದ ಕೋಟೆಗಳೂ ಸ್ಮಾರಕಗಳೂ

ಮೈಸೂರು ಸೀಮೆಯ ಮೋಜಣಿಯನ್ನು ನಡೆಯಿಸಿ, ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ಕನ್ನಡನಾಡಿನ ಇತಿಹಾಸಾಭ್ಯಾಸಿಗಳಿಗೆ ಚಿರಪರಿಚಿತವಾದುದು. ಆದರೆ ಆತನು ಹುಟ್ಟಿದ ಕುಲವು ಎಂತಹುದು, ಅದರ ನೆಲೆಗಳಲ್ಲಿ ಇಂದು ಉಳಿದಿರುವುದೇನು ಎಂಬುದು ಅಷ್ಟು ಪರಿಚಿತವಲ್ಲ. ಸ್ಕಾಟ್ಲೆಂಡಿನ ಉತ್ತರದ ಮಲೆಸೀಮೆಯವರ ಗೇಲಿಕ್ ಭಾಷೆಯಲ್ಲಿ ‘ಕ್ಲಾನ್’ ಎಂದರೆ ಮಕ್ಕಳು ಎಂದರ್ಥ. ಒಬ್ಬ ಮೂಲಪುರುಷನ ಸಂತತಿಯವರೆಂದು ಹೇಳಿಕೊಳ್ಳುವವರೂ, ಅವರ ನಾಯಕನ ಆಶ್ರಯದಲ್ಲಿ ಒಕ್ಕಲಾಗಿ ಬಾಳಿದವರೂ ಕೂಡಿ ಒಂದು ಕುಲವೆನಿಸುವರು.

ಈ ಕುಲದ ಲಾಂಛನವು ಸಾರಂಗದ ತಲೆ. ಮೂರನೆಯ ಅಲೆಗ್ಸಾಂಡರ್ ದೊರೆಯ ಮೇಲೆ ಬಿದ್ದ ಸಾರಂಗವನ್ನು ಕೊಂದ ಕಾಲಿನ್ ಫಿಟ್ಸ್‌ಜೆರಾಲ್ಡನೆಂಬ ಐರ್ಲೆಂಡಿನ ವೀರನೇ ಮೂಲಪುರುಷನೆಂದು ಐತಿಹ್ಯವುಂಟು. ಹುಲಿಯನ್ನು ಹೊಯ್ದ ಸಳನ ಕಥೆಯನ್ನು ಬಲ್ಲವರಿಗೆ ಇದು ಹೊಸದಾಗಿ ತೋರಲಾರದು. ಇದಕ್ಕೆ ಆಧಾರವೆನ್ನಲಾದ ೧೨೬೬ನೆಯ ವರ್ಷದ ದಾನಪತ್ರವು ಕೂಟಶಾಸನವೆಂದು ವಿದ್ವಾಂಸರು ಎಂದೋ ನಿರ್ಣಯಿಸಿರುವರು. ಆದರೂ ಈ ಕಥೆಯನ್ನೇ ವಸ್ತುವಾಗಿಸಿ ಬೆಂಜಮಿನ್ ವೆಸ್ಟನು ೧೭೮೬ರಲ್ಲಿ ಕುಲನಾಯಕನಿಗಾಗಿ ಬರೆದ ಭಾರಿ ಚಿತ್ರಪಟವು ಎಡಿನ್‌ಬರೋ ನಗರದ ಚಿತ್ರಶಾಲೆಯಲ್ಲಿದೆ.

ಸಂದರ್ಶಕರು ಮೊದಲು ಅರಸಿ ಹೋಗುವುದು ಐಲಿಯನ್ ಡೊನನ್ ಕೋಟೆಯನ್ನು. ಮೂರು ಕಡಲಚಾಚುಗಳು ಕೂಡುವೆಡೆಯ ಕಿರುದ್ವೀಪದ ಮೇಲೆ ೧೩ನೆಯ ಶತಮಾನದಲ್ಲಿ ಹುಟ್ಟಿದ ಈ ದುರ್ಗವು ಕಿನ್‌ಟೇಲಿನ ಮೆಕೆಂಜಿಗಳ ವಶಕ್ಕೆ ಬಂದಿತು. ಅವರ ಪರವಾಗಿ ಕಾವಲಿದ್ದ ಮೆಕ್ರೇ ಕುಲದವರಿಗೆ ‘ಮೆಕೆಂಜಿಯ ಉಕ್ಕಿನಂಗಿ’ ಎಂಬ ಬಿರುದಿತ್ತು. ಪದಚ್ಯುತ ಸ್ಟೂಅರ್ಟ್ ರಾಜವಂಶದ ಪಕ್ಷವನ್ನು ಹಿಡಿದು ಸೀಫೋರ್ತ್ ಪ್ರಭುವು ೧೭೧೫ರಲ್ಲಿ ದಂಗೆಯೆದ್ದು ಆಸ್ತಿಯನ್ನೆಲ್ಲ ಕಳೆದುಕೊಂಡನು. ೧೭೧೯ರಲ್ಲಿ ಸ್ಪೇನ್ ದೇಶದ ಸೈನಿಕರೊಡನೆ ಮರಳಿ ಬಂದಾಗ, ಮೇ ತಿಂಗಳಲ್ಲಿ ಮೂರು ಆಂಗ್ಲ ಯುದ್ಧನೌಕೆಗಳು ಕೋಟೆಯ ಮೇಲೆ ಗುಂಡಿನ ಮಳೆಗರೆದುವು. ಒಳಗೆ ಶೇಖರಿಸಿದ್ದ ಮದ್ದಿನಿಂದಲೇ ಗೋಡೆಗಳನ್ನು ಸಿಡಿಸಲಾಯಿತು. ಬಳಿಕ ಸುಮಾರು ಎರಡು ಶತಮಾನ ಅದು ಹಾಳುಬಿದ್ದಿತ್ತು. ಇಂದು ಚಿತ್ರಗಳಲ್ಲಿ ಕಂಡುಬರುವ ಕಟ್ಟಡವೂ ಕಮಾನುಸೇತುವೆಯೂ ಮೆಕ್ರೇ ಮನೆತನದ ಶ್ರೀಮಂತರೊಬ್ಬರು ೧೯೧೨ರಿಂದ ೧೯೩೨ರವರೆಗೆ ಕಟ್ಟಿಸಿದುವು. ನೋಡುವವರು ಇದನ್ನೇ ಪ್ರಾಚೀನವೆಂದು ಭಾವಿಸಿ ಬೆರಗಾಗುವರು. ನಿಜವಾಗಿ ಅಲ್ಲಿ ಪ್ರಾಚೀನವಾದುದು ಬುಡದ ಕಲ್ಲುಗಳಷ್ಟೇ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಮೆಕ್ರೇಗಳ ಹೆಸರುಗಳನ್ನು ಹೊತ್ತ ಸ್ಮಾರಕವೂ ಅಲ್ಲಿದೆ.

ಸ್ಟ್ರಾತ್‌ಪೆಫರಿನ ಸಮೀಪದ ಲಿಯೋಡ್ ಕೋಟೆಯು ಇದಕ್ಕಿಂತ ಮಿಗಿಲಾದ ಪ್ರಮಾಣ. ೧೭ನೆಯ ಶತಮಾನದ ಆದಿಯ ಈ ಗೋಪುರದಲ್ಲಿ ಕುಲನಾಯಕರಾದ ಕ್ರೊಮಾರ್ಟಿ ಪ್ರಭುಗಳ ಮನೆತನವು ಇಂದಿಗೂ ವಾಸಿಸುತ್ತದೆ. ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಹಾದಿಯೊಂದು ತೆರೆಯುವುದು. ೧೭೪೫ರ ದಂಗೆಯಲ್ಲಿ ಸೇರಿದ ಮೂರನೆಯ ಕ್ರೊಮಾರ್ಟಿ ಪ್ರಭುವಿಗೆ ಮರಣದಂಡನೆ ವಿಧಿಸಲ್ಪಟ್ಟು, ಪ್ರಾಣ ಮಾತ್ರ ಉಳಿಯಿತು. ಮಗನಾದ ಲಾರ್ಡ್ ಮೆಕ್ಲಾಡನು ಸ್ವೀಡನ್ ದೇಶದ ಸೇನೆಯಲ್ಲಿ ಬಹುಕಾಲ ದುಡಿದು, ಹಿಂದಿರುಗಿ, ಯಾವ ಸರಕಾರದ ಮೇಲೆ ಕತ್ತಿಯೆತ್ತಿದ್ದನೋ ಆ ಸರಕಾರಕ್ಕೇ ತನ್ನವರಿಂದ ಒಂದು ಪಡೆಯನ್ನು ಕೂಡಿಸಿಕೊಟ್ಟನು. ಆ ಪಡೆಯು ೧೭೮೦ರಲ್ಲಿ ಮದರಾಸಿಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯವು ಬೇಲಿಯ ದಂಡನ್ನು ನಿರ್ನಾಮಗೊಳಿಸಿದಾಗ ಇದರ ತುಕಡಿಗಳೂ ಅಲ್ಲಿ ನಾಶವಾದುವು. ಸೆರೆಸಿಕ್ಕು ೧೭೮೪ರವರೆಗೆ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿದ್ದ ಡೇವಿಡ್ ಬೇರ್ಡನು ಇದೇ ಪಡೆಯ ಕ್ಯಾಪ್ಟನ್. ೧೭೯೯ರ ಮೇ ೪ರಂದು ಅದೇ ಪಟ್ಟಣದ ಮೇಲೆ ಲಗ್ಗೆಯನ್ನು ನಡೆಯಿಸಿದವನೂ ಅವನೇ. ಮೆಕ್ಲಾಡನಿಗೆ ಸುಮಾರು ೧೯,೦೦೦ ಪೌಂಡು ತೆತ್ತ ಮೇಲೆ ೧೭೮೪ರಲ್ಲಿ ಪಿತ್ರಾರ್ಜಿತ ಭೂಮಿಯು ಮರಳಿ ದೊರೆಯಿತು. ಆ ಭೂಮಿಗೆ ತೆತ್ತ ಬೆಲೆಯಲ್ಲಿ ಪೊಳ್ಳಿಲೂರಿನಲ್ಲಿ ಬಿದ್ದ ಒಕ್ಕಲುಮಕ್ಕಳ ಪ್ರಾಣವನ್ನೂ ಸೇರಿಸಿ ಎಣಿಸುವುದೇ ನ್ಯಾಯ.

ಸೀಫೋರ್ತ್ ಶಾಖೆಯ ಬ್ರಾಹನ್ ಕೋಟೆಯು ೧೯೫೦ರ ದಶಕದಲ್ಲಿ ನೆಲಸಮವಾಯಿತು. ಆ ವಂಶವು ಅಳಿಯುವುದೆಂದು ದೈವಜ್ಞನೊಬ್ಬನು ಮುಂದಾಗಿ ನುಡಿದಿದ್ದನೆಂಬ ಕಥೆಯು ಪ್ರಸಿದ್ಧವಾದರೂ, ಆ ಭವಿಷ್ಯೋಕ್ತಿಗಳ ಪುಸ್ತಕವು ಅಚ್ಚಾದುದು ೧೮೭೭ರಲ್ಲಿ, ಕೊನೆಯ ಲಾರ್ಡ್ ಸೀಫೋರ್ತನು ತೀರಿಕೊಂಡು ೬೨ ವರ್ಷಗಳಾದ ಮೇಲೆ. ಈ ಶಾಖೆಯವರ ಗೋರಿಗಳು ಫೋರ್ಟ್ರೋಸಿನ ಶಿಥಿಲ ದೇವಾಲಯದಲ್ಲಿವೆ.

ಕಾಲಿನ್ ಮೆಕೆಂಜಿಯು ಕೋಟೆಯಲ್ಲಿ ಹುಟ್ಟಿದವನಲ್ಲ. ಕುಲದವರು ೧೬೧೦ರಲ್ಲಿ ಮೆಕ್ಲಾಡರಿಂದ ಕಿತ್ತುಕೊಂಡ ಲೂಯಿಸ್ ದ್ವೀಪದ ಸ್ಟಾರ್ನೊವೇ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದು, ಸೀಫೋರ್ತರ ಆಶ್ರಯದಿಂದ ೧೭೮೩ರಲ್ಲಿ ಕಂಪೆನಿಯ ಸೇವೆಗೆ ಸೇರಿದನು. ಕಾವಲಿ ಸಹೋದರರೂ, ಹಳಗನ್ನಡ ಲಿಪಿಯನ್ನು ಓದಿಕೊಟ್ಟ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ಇಲ್ಲದಿದ್ದರೆ ಆತನ ೮,೦೭೬ ಶಾಸನಪ್ರತಿಗಳ ಸಂಗ್ರಹವು ಅಸಾಧ್ಯವಾಗುತ್ತಿತ್ತು. ಆತನು ಮತ್ತೆ ತಾಯ್ನಾಡನ್ನು ಕಾಣದೆ ೧೮೨೧ರ ಮೇ ೮ರಂದು ತೀರಿಕೊಂಡನು. ಸಮಾಧಿಯು ಕಲ್ಕತ್ತೆಯ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ. ಆತನ ಕುಟುಂಬದವರ ಸಮಾಧಿಗೃಹವು ಸ್ಟಾರ್ನೊವೇ ಹತ್ತಿರದ ಕಡಲಂಚಿನಲ್ಲಿ, ಮೆಕ್ಲಾಡ್ ನಾಯಕರು ಹೂಳಲ್ಪಟ್ಟಿರುವ ಊಯಿ ದೇವಾಲಯದ ಬಳಿ ಇದೆ. ೨೦೧೭ರಲ್ಲಿ ಸ್ಟಾರ್ನೊವೇ ವಸ್ತುಸಂಗ್ರಹಾಲಯವು ಆತನು ಭಾರತದಲ್ಲಿ ಕೂಡಿಹಾಕಿದ ಕೆಲವು ವಸ್ತುಗಳನ್ನು ಲಂಡನ್ನಿನಿಂದ ತರಿಸಿ ಆ ಊರಿನವರ ಮುಂದೆ ಪ್ರದರ್ಶಿಸಿತು.