ಹೆಸರು ಪಟ್ಟಿಯಲ್ಲಿದ್ದರೆ ಸಾಲದು: ಪರದೇಶದ ಪೌರತ್ವ, ಮತದಾನ ಮತ್ತು ಪಂಚಾಯತು ಸದಸ್ಯತ್ವ

2025ರ ನವೆಂಬರ್ 4ರಂದು ಕೇರಳದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಆರಂಭವಾದಾಗ ಗಣತಿ ನಮೂನೆಗಳು ಮನೆಮನೆಗೆ ಬಂದವು. ಊರಿನಲ್ಲಿಲ್ಲದವರ ನಮೂನೆಗೆ ಮನೆಯ ವಯಸ್ಕ ಸದಸ್ಯರೊಬ್ಬರು ಸಹಿ ಹಾಕಬಹುದೆಂಬ ಅವಕಾಶವೂ ಇತ್ತು. ಕಾರಡ್ಕ, ಮುಳ್ಳೇರಿಯ, ಆದೂರು ಭಾಗದ ಮನೆಗಳಿಗೆ ಇದು ದೊಡ್ಡ ಅನುಕೂಲ. ಏಕೆಂದರೆ ಇಲ್ಲಿ ಮಗನೋ ಅಳಿಯನೋ ತಂಗಿಯೋ ಕಡಲಾಚೆ ಇರದ ಮನೆಗಳು ಕಡಿಮೆ. ಆದರೆ ಅದೇ ಸಹಿಯಲ್ಲಿ ಒಂದು ತೊಡಕೂ ಅಡಗಿದೆ. ದುಬಾಯಿಯಲ್ಲಿರುವ ಮಗನ ಪರವಾಗಿ ಹಾಕಿದ ಸಹಿಗೂ ಅಮೆರಿಕದ ಪೌರನಾಗಿರುವ ತಮ್ಮನ ಪರವಾಗಿ ಹಾಕಿದ ಸಹಿಗೂ ಕಾನೂನಿನ ದೃಷ್ಟಿಯಲ್ಲಿ ಅಜಗಜಾಂತರವಿದೆ. ಈ ವ್ಯತ್ಯಾಸವನ್ನು ನಮ್ಮ ಓದುಗರು ತಿಳಿದಿರಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಸಂವಿಧಾನದ 326ನೇ ವಿಧಿಯು ಮತದ ಹಕ್ಕನ್ನು ನೀಡಿರುವುದು 18 ವರ್ಷ ತುಂಬಿದ ಭಾರತದ ಪೌರರಿಗೆ ಮಾತ್ರ. 1950ರ ಜನಪ್ರಾತಿನಿಧ್ಯ ಕಾಯ್ದೆಯ 16ನೇ ಕಲಮು ಪೌರನಲ್ಲದವನ ಹೆಸರು ಪಟ್ಟಿಗೆ ಸೇರಕೂಡದೆನ್ನುತ್ತದೆ. ಸೇರಿದ ಬಳಿಕ ಅನರ್ಹತೆ ಉಂಟಾದರೆ ಹೆಸರನ್ನು ಕೂಡಲೇ ತೆಗೆಯಬೇಕೆಂದೂ ವಿಧಿಸುತ್ತದೆ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನ ಭಾರತೀಯ ಪೌರತ್ವ ಅಂದೇ ಕೊನೆಗೊಳ್ಳುತ್ತದೆ. ಇದಕ್ಕೆ ರಾಜೀನಾಮೆ ಬೇಕಿಲ್ಲ, ಆದೇಶ ಬೇಕಿಲ್ಲ, ಯಾರಿಗೂ ತಿಳಿಸಬೇಕೆಂದೂ ಇಲ್ಲ. ಊರಿನ ಪಟ್ಟಿಯಲ್ಲಿ ಹೆಸರು ಇನ್ನೂ ಹತ್ತು ವರ್ಷ ಉಳಿದುಕೊಳ್ಳಬಹುದು, ಮತದಾರರ ಗುರುತಿನ ಚೀಟಿ ಕಪಾಟಿನಲ್ಲಿ ಭದ್ರವಾಗಿರಬಹುದು. ಹಕ್ಕು ಮಾತ್ರ ಉಳಿದಿರುವುದಿಲ್ಲ. ಆಧಾರ್ ಕೂಡ ಪೌರತ್ವದ ಪುರಾವೆಯಲ್ಲವೆಂದು ಆಧಾರ್ ಕಾಯ್ದೆಯೇ ಹೇಳುತ್ತದೆ.

ಮೂರು ಬಗೆಯ ಪರದೇಶವಾಸಿಗಳು

ಗಲ್ಫ್ ದೇಶಗಳಲ್ಲಿ ದುಡಿಯುವವರು ಎಷ್ಟು ವರ್ಷ ಅಲ್ಲಿದ್ದರೂ ಸಾಮಾನ್ಯವಾಗಿ ಭಾರತೀಯ ಪಾಸ್‌ಪೋರ್ಟಿನಲ್ಲೇ ಇರುತ್ತಾರೆ. ಇವರು ಪೌರರು, ಮತದಾರರು. 2010ರ ತಿದ್ದುಪಡಿಯಿಂದ ಬಂದ 20ಎ ಕಲಮಿನಂತೆ ನಮೂನೆ 6ಎ ಸಲ್ಲಿಸಿ ಪಾಸ್‌ಪೋರ್ಟಿನಲ್ಲಿರುವ ಊರ ವಿಳಾಸದಲ್ಲೇ ಅನಿವಾಸಿ ಮತದಾರರಾಗಿ ಹೆಸರು ಸೇರಿಸಬಹುದು. ಮತ ಹಾಕಲು ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದುಕೊಂಡು ಮತಗಟ್ಟೆಗೆ ಬರಲೇಬೇಕು. ಪಂಚಾಯತು ಚುನಾವಣೆಯ ಪಟ್ಟಿ ಬೇರೆ. ಅದು ರಾಜ್ಯ ಚುನಾವಣಾ ಆಯೋಗದ್ದು, ಅಲ್ಲಿ ನಮೂನೆ 4ಎ. ಮಲಯಾಳದ ಅರ್ಜಿಗಳಲ್ಲಿ ಇವರನ್ನು ‘ಪ್ರವಾಸಿ’ ಎನ್ನುತ್ತಾರೆ. ಕನ್ನಡದಲ್ಲಿ ಓದಿಕೊಂಡರೆ ಊರು ನೋಡಲು ಬಂದವನೆಂಬ ಅರ್ಥ ಹೊಳೆಯುತ್ತದೆ. ಅದಕ್ಕೆ ಬೆದರಿ ಆ ಕಾಲಂ ಬಿಟ್ಟುಬಿಡಬೇಕಾಗಿಲ್ಲ.

ಎರಡನೆಯ ಬಗೆಯವರು ಅಮೆರಿಕ, ಕೆನಡ, ಆಸ್ಟ್ರೇಲಿಯಗಳ ಪೌರತ್ವ ಪಡೆದು ಒಸಿಐ ಕಾರ್ಡು ಹೊಂದಿದವರು. ‘ಸಾಗರೋತ್ತರ ಭಾರತೀಯ ನಾಗರಿಕ’ ಎಂಬ ಅದರ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಅದು ಪೌರತ್ವವಲ್ಲ, ವೀಸಾ ಇಲ್ಲದೆ ಬಂದುಹೋಗುವ, ಇಲ್ಲಿ ನೆಲೆಸುವ ಸೌಕರ್ಯ. ಪೌರತ್ವ ಕಾಯ್ದೆಯ 7ಬಿ ಕಲಮು ಈ ಕಾರ್ಡುದಾರರಿಗೆ ಮತದಾರರ ನೋಂದಣಿಯನ್ನು, ಶಾಸಕ ಹಾಗೂ ಸಂಸದ ಸ್ಥಾನಗಳನ್ನು ಸ್ಪಷ್ಟವಾಗಿ ನಿರಾಕರಿಸುತ್ತದೆ. ಆ ಕಲಮಿನ ಪಟ್ಟಿಯಲ್ಲಿ ಪಂಚಾಯತಿನ ಹೆಸರಿಲ್ಲವೆಂಬುದನ್ನು ಹಿಡಿದುಕೊಂಡು ‘ಹಾಗಾದರೆ ವಾರ್ಡಿಗೆ ನಿಲ್ಲಬಹುದಲ್ಲ’ ಎನ್ನುವುದು ವ್ಯರ್ಥ. ಪಂಚಾಯತಿನ ಅಭ್ಯರ್ಥಿಯ ಹೆಸರು ಆ ಪಂಚಾಯತಿನ ಮತದಾರರ ಪಟ್ಟಿಯಲ್ಲಿರಬೇಕು. ಪೌರನಲ್ಲದವನ ಹೆಸರಿಗೆ ಅಲ್ಲಿ ಜಾಗವಿಲ್ಲ. ಶಾಸನಸಭೆಗೆ ಅನರ್ಹನಾದವನು ಪಂಚಾಯತಿಗೂ ಅನರ್ಹನೆಂದು ಸಂವಿಧಾನದ 243ಎಫ್ ವಿಧಿ ಬೇರೆಯಾಗಿ ಹೇಳಿದೆ.

ಮೂರನೆಯವರು ಪರದೇಶದಲ್ಲಿ ಹುಟ್ಟಿದ ಮಕ್ಕಳು. ಗಲ್ಫಿನಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಿದ್ದರೆ ಅದು ವಂಶದಿಂದ ಬಂದ ಭಾರತೀಯ ಪೌರತ್ವ. ಹಾಗೆ ಭಾರತೀಯ ಪೌರತ್ವದ ಜೊತೆಗೆ ಹುಟ್ಟಿದ ದೇಶದ ಪೌರತ್ವವೂ ಇರುವ ಮಗು ಪ್ರಾಯಕ್ಕೆ ಬಂದು ಆರು ತಿಂಗಳೊಳಗೆ ಆ ಪೌರತ್ವವನ್ನು ತ್ಯಜಿಸದಿದ್ದರೆ ಭಾರತದ ಪೌರತ್ವ ಹೋಗುತ್ತದೆ. ಮಗುವಿಗೆ ಆ ದೇಶದ ಪಾಸ್‌ಪೋರ್ಟನ್ನೇ ಮಾಡಿಸಿ ಊರಿಗೆ ಕರೆತಂದು ಕನ್ನಡ ಶಾಲೆಗೆ ಸೇರಿಸಿದ ಮನೆಯವರು, ಹದಿನೆಂಟು ತುಂಬಿದ ಕೂಡಲೇ ಉಳಿದ ಮಕ್ಕಳ ಜೊತೆ ಅದಕ್ಕೂ ನಮೂನೆ 6 ತುಂಬಿಸುವ ಮುನ್ನ ಪಾಸ್‌ಪೋರ್ಟನ್ನು ತೆರೆದು ನೋಡಬೇಕು.

ದಂಡನೆ ಯಾವುದಕ್ಕೆ?

ಶಿಕ್ಷೆ ಮುಖ್ಯವಾಗಿ ಬೀಳುವುದು ಸುಳ್ಳು ಘೋಷಣೆಯ ಮೇಲೆ. 1950ರ ಕಾಯ್ದೆಯ 31ನೇ ಕಲಮಿನಂತೆ, ಸುಳ್ಳೆಂದು ತಿಳಿದೂ ಮತದಾರರ ಪಟ್ಟಿಗಾಗಿ ಹೇಳಿಕೆ ನೀಡಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಗಮನಿಸಿ: ಶಿಕ್ಷೆ ಹೇಳಿಕೆ ನೀಡಿದವನಿಗೆ. ತಮ್ಮ ಅಮೆರಿಕದಲ್ಲಿರುತ್ತಾನೆ, ಸಹಿ ಹಾಕಿದ ಅಣ್ಣ ಕಾರಡ್ಕದಲ್ಲಿರುತ್ತಾನೆ. ಪೌರತ್ವ ಬದಲಾದದ್ದು ನಿಜವಾಗಿಯೂ ತಿಳಿಯದೆ ಹಾಕಿದ ಸಹಿ ಈ ಕಲಮಿಗೆ ಒಳಪಡುವುದಿಲ್ಲ. ಆದರೆ ಗೃಹಪ್ರವೇಶಕ್ಕೆ ಬಂದಾಗ ನೀಲಿ ಪಾಸ್‌ಪೋರ್ಟನ್ನು ಎಲ್ಲರಿಗೂ ತೋರಿಸಿದ ತಮ್ಮನ ವಿಚಾರದಲ್ಲಿ ‘ಗೊತ್ತಿರಲಿಲ್ಲ’ ಎನ್ನುವುದು ಕಷ್ಟ.

ಅವನು ಮತ ಹಾಕಿದರೆ 1951ರ ಕಾಯ್ದೆಯ 62ನೇ ಕಲಮಿನ ನಿಷೇಧವನ್ನು ಮೀರಿದಂತಾಗುತ್ತದೆ. ಕೆಲವೇ ಮತಗಳಿಂದ ಗೆಲುವು ನಿರ್ಧಾರವಾಗುವ ಕಡೆ ಇಂಥ ಮತಗಳು ಚುನಾವಣಾ ತಕರಾರು ಅರ್ಜಿಗೆ ಆಧಾರವಾಗಬಲ್ಲವು. ಅವನ ಪರವಾಗಿ ಬೇರೊಬ್ಬರು ಹೋಗಿ ಮತ ಹಾಕಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 172 ಮತ್ತು 174ನೇ ಕಲಮುಗಳ ವೇಷಾಂತರದ ಅಪರಾಧ. ಅದಕ್ಕೂ ಒಂದು ವರ್ಷದವರೆಗೆ ಸೆರೆ. ಪೌರತ್ವ ಕಳೆದುಕೊಂಡ ಸಂಗತಿಯನ್ನು ಮರೆಮಾಚಿ ಭಾರತೀಯ ಪಾಸ್‌ಪೋರ್ಟ್ ಪಡೆದರೆ ಶಿಕ್ಷೆ ಇನ್ನೂ ತೀಕ್ಷ್ಣ: 1967ರ ಪಾಸ್‌ಪೋರ್ಟ್ ಕಾಯ್ದೆಯ 12(1ಎ) ಪ್ರಕಾರ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸ, ಜೊತೆಗೆ 10,000ದಿಂದ 50,000 ರೂಪಾಯಿ ದಂಡ.

ಹೆಸರು ತಾನಾಗಿ ಉಳಿದುಕೊಂಡಿರುವುದೇ ಅಪರಾಧವಲ್ಲ. ನಮೂನೆ 7 ಸಲ್ಲಿಸಿ ತೆಗೆಸಿದರೆ ವಿಷಯ ಮುಗಿಯಿತು.

ಆಯ್ಕೆಯಾದ ಮೇಲೆ ತಿಳಿದರೆ

ನಮ್ಮ ದೇಶದಲ್ಲಿ ದೀರ್ಘವಾಗಿ ನಡೆದ ಇಂಥ ವ್ಯಾಜ್ಯಗಳಲ್ಲಿ ಒಂದು ತೆಲಂಗಾಣದ ವೇಮುಲವಾಡದ್ದು. ಚೆನ್ನಮನೇನಿ ರಮೇಶ್ ಅವರು 1993ರಲ್ಲಿ ಜರ್ಮನಿಯ ಪೌರತ್ವ ಪಡೆದವರು, ಬಳಿಕ ಭಾರತದ ಪೌರತ್ವವನ್ನು ಮರಳಿ ಪಡೆದು 2009ರಲ್ಲಿ ಶಾಸಕರಾದರು. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಭಾರತದಲ್ಲಿ ವಾಸವಿರಬೇಕೆಂಬ ನಿಯಮವನ್ನು ಪಾಲಿಸದೆ ಸಂಗತಿಯನ್ನು ಮರೆಮಾಚಿದರೆಂಬುದು ಅವರ ಮೇಲಿನ ಆಕ್ಷೇಪ. ಕೇಂದ್ರ ಗೃಹ ಸಚಿವಾಲಯ 2017ರಲ್ಲೂ 2019ರಲ್ಲೂ ಅವರ ಪೌರತ್ವವನ್ನು ರದ್ದುಪಡಿಸಿತು. 2024ರ ಡಿಸೆಂಬರ್ 9ರಂದು ತೆಲಂಗಾಣ ಹೈಕೋರ್ಟ್ ಅವರ ಅರ್ಜಿಯನ್ನು ವಜಾಗೊಳಿಸಿ 30 ಲಕ್ಷ ರೂಪಾಯಿ ವೆಚ್ಚ ವಿಧಿಸಿತು. ಅದರಲ್ಲಿ 25 ಲಕ್ಷ ಎದುರಾಳಿ ಆದಿ ಶ್ರೀನಿವಾಸ್ ಅವರಿಗೆ. ಅಷ್ಟರಲ್ಲಿ ಅವರ ಶಾಸಕತ್ವದ ಅವಧಿಗಳೇ ಮುಗಿದುಹೋಗಿದ್ದವು. ನ್ಯಾಯ ದೊರಕಿತು ಎನ್ನಬೇಕೋ, ತಡವಾಯಿತು ಎನ್ನಬೇಕೋ ಓದುಗರೇ ನಿರ್ಧರಿಸಲಿ.

ಈ ವಿಳಂಬಕ್ಕೆ ಒಂದು ಕಾರಣ ಕಾನೂನಿನಲ್ಲೇ ಇದೆ. ಪರದೇಶದ ಪೌರತ್ವ ಪಡೆದು ಭಾರತದ ಪೌರತ್ವ ಹೋಯಿತೇ ಎಂಬ ಪ್ರಶ್ನೆಯನ್ನು ನಿರ್ಧರಿಸುವ ಅಧಿಕಾರ ಕೇಂದ್ರ ಸರಕಾರದ್ದು. ಚುನಾವಣಾ ತಕರಾರಿನ ನ್ಯಾಯಾಲಯ ಅದನ್ನು ತಾನೇ ತೀರ್ಮಾನಿಸಲಾಗದೆಂದು ಸುಪ್ರೀಂ ಕೋರ್ಟ್ 1986ರಲ್ಲಿ ರಾಜೀವ್ ಗಾಂಧಿಯವರ ಆಯ್ಕೆಯ ವಿರುದ್ಧದ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಕೇರಳದಲ್ಲಿ ಆಯ್ಕೆಯ ಬಳಿಕ ಪಂಚಾಯತು ಸದಸ್ಯರಿಗೆ ಅನರ್ಹತೆ ಉಂಟಾಯಿತೆಂಬ ದೂರನ್ನು ವಿಚಾರಿಸುವುದು ರಾಜ್ಯ ಚುನಾವಣಾ ಆಯೋಗ.

ಅಂಥ ಸದಸ್ಯರು ಅಥವಾ ಅಧ್ಯಕ್ಷರು ಸಹಿ ಮಾಡಿದ ಕಾಗದಗಳ ಗತಿಯೇನು ಎಂಬ ಆತಂಕ ಸಹಜ. ಅಧಿಕಾರದಲ್ಲಿದ್ದವರೆಂದು ನಂಬಿ ಜನ ಪಡೆದ ಕಾಗದ, ಅವರ ಆಯ್ಕೆ ಅಸಿಂಧುವಾಯಿತೆಂಬ ಒಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ. ಹುದ್ದೆಯಲ್ಲಿ ವಾಸ್ತವವಾಗಿ ಇದ್ದವರ ಕೃತ್ಯಗಳನ್ನು ಸಾರ್ವಜನಿಕರ ಹಿತಕ್ಕಾಗಿ ಮಾನ್ಯ ಮಾಡುವ ತತ್ತ್ವವನ್ನು ಸುಪ್ರೀಂ ಕೋರ್ಟ್ 1981ರ ಗೋಕರಾಜು ರಂಗರಾಜು ಪ್ರಕರಣದಲ್ಲಿ ಎತ್ತಿಹಿಡಿದಿದೆ.

ಪೌರನನ್ನೇ ಪರಕೀಯನೆಂದರೆ

ಮಲಬಾರಿನಿಂದ ಕರಾಚಿಗೆ ಹೊಟ್ಟೆಪಾಡಿಗಾಗಿ ಹೋಗಿದ್ದವರು ವಿಭಜನೆಯ ಬಳಿಕ ಮನೆಗೆ ಮರಳಲು ಪಾಕಿಸ್ತಾನದ ಪಾಸ್‌ಪೋರ್ಟ್ ಹಿಡಿದು ಬರಬೇಕಾಯಿತು. ಹುಟ್ಟಿದೂರಿನಲ್ಲೇ ಅವರು ‘ಪಾಕ್ ಪೌರ’ರಾದರು. ಪರದೇಶದ ಪಾಸ್‌ಪೋರ್ಟ್ ಪಡೆದದ್ದೇ ಅಂತಿಮ ಪುರಾವೆ ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 1962ರ ಇಝಾರ್ ಅಹ್ಮದ್ ಖಾನ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಒತ್ತಾಯದಿಂದ ಪಡೆದದ್ದು ಸ್ವಇಚ್ಛೆಯಲ್ಲವೆಂದು ವಾದಿಸುವ ಅವಕಾಶವನ್ನು 1965ರಲ್ಲಿ ಮೊಹಮ್ಮದ್ ಅಯೂಬ್ ಖಾನ್ ಪ್ರಕರಣದಲ್ಲಿ ಉಳಿಸಿಕೊಟ್ಟಿತು. ಅಷ್ಟರೊಳಗೆ ಎಷ್ಟೋ ಮನೆಗಳು ಒಡೆದಿದ್ದವು.

ರಾಜ್ಯದ ಗಡಿಗೆ ಈ ಶಕ್ತಿಯಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದಾಗ ಒಬ್ಬನ ಪೌರತ್ವವೂ ಬದಲಾಗಲಿಲ್ಲ. ಸುಳ್ಯದಿಂದ ಮುಳ್ಳೇರಿಯಕ್ಕೆ ಮದುವೆಯಾಗಿ ಬಂದ ಮಗಳ ಮಾತು ಕನ್ನಡವೆಂದಾಗಲೀ ಮಲಯಾಳ ಬಾರದೆಂದಾಗಲೀ ಆಕೆಯ ಮತವನ್ನು ಪ್ರಶ್ನಿಸುವಂತಿಲ್ಲ. ಆಕೆ ಮಾಡಬೇಕಾದದ್ದು ಇಷ್ಟೇ: ನಮೂನೆ 8ರ ಮೂಲಕ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳುವುದು. ಎರಡು ಕಡೆ ಹೆಸರಿಟ್ಟುಕೊಳ್ಳುವುದನ್ನು 17 ಮತ್ತು 18ನೇ ಕಲಮುಗಳು ನಿಷೇಧಿಸುತ್ತವೆ; ಇದು ನಮ್ಮ ಗಡಿಭಾಗದ ಹಳೆಯ ಚಾಳಿ, ಬಿಡುವುದು ಲೇಸು.

ಪರದೇಶದಲ್ಲಿರುವ ನಮ್ಮವರೂ ಅಲ್ಲಿಯ ಕಾನೂನಿಗೆ ಅಧೀನರು. ಬ್ರಿಟನ್ನಿನಲ್ಲಿ ವಾಸಿಸುವ ಭಾರತೀಯ ಪೌರರು ಕಾಮನ್‌ವೆಲ್ತ್ ಪೌರರೆಂಬ ನೆಲೆಯಲ್ಲಿ ಅಲ್ಲಿ ಮತ ಹಾಕಬಹುದು. ಅಮೆರಿಕದಲ್ಲಿ ಹಾಗಲ್ಲ: 1996ರ ಕಾನೂನಿನಂತೆ ಪೌರರಲ್ಲದವರು ಫೆಡರಲ್ ಚುನಾವಣೆಯಲ್ಲಿ ಮತ ಹಾಕಿದರೆ ಒಂದು ವರ್ಷದವರೆಗೆ ಸೆರೆ, ಮೇಲೆ ಗಡೀಪಾರಿನ ಭಯ. 2025ರ ನವೆಂಬರಿನಲ್ಲಿ ಕ್ಯಾನ್ಸಾಸ್ ರಾಜ್ಯದ ಕೋಲ್ಡ್‌ವಾಟರ್ ಎಂಬ ಪುಟ್ಟ ಊರಿನ ಮೇಯರರ ಮೇಲೆ, ಗ್ರೀನ್ ಕಾರ್ಡುದಾರರಾಗಿದ್ದೂ ಮತ ಹಾಕಿದರೆಂದು ಮೊಕದ್ದಮೆ ಹೂಡಲಾಯಿತು. ವಾಹನ ಚಾಲನಾ ಪರವಾನಗಿಯ ಅರ್ಜಿಯಲ್ಲೇ ಅಲ್ಲಿ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಅಲ್ಲಿರುವ ಮಕ್ಕಳಿಗೆ ಇದನ್ನು ಫೋನಿನಲ್ಲಿ ಹೇಳಿಬಿಡಿ.

ಇಲ್ಲಿ ನಿಮ್ಮ ಹೆಸರಿನ ಮೇಲೆ ಆಕ್ಷೇಪ ಬಂದು ನೋಟೀಸು ಕೈಸೇರಿದರೆ ಹೆದರಿ ಸುಮ್ಮನಿರಬೇಡಿ. ಈಗಾಗಲೇ ಪಟ್ಟಿಯಲ್ಲಿರುವವರ ಹೆಸರನ್ನು ತೆಗೆಯುವ ಮುನ್ನ ಅವರ ಮಾತನ್ನು ಕೇಳಲೇಬೇಕೆಂದು 1995ರ ಲಾಲ್ ಬಾಬು ಹುಸೇನ್ ತೀರ್ಪು ಹೇಳುತ್ತದೆ. ಸಂವಿಧಾನದ 350ನೇ ವಿಧಿಯಂತೆ ಮನವಿಯನ್ನು ಕನ್ನಡದಲ್ಲೇ ಬರೆಯಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಂದ ಕನ್ನಡದಲ್ಲೇ ಉತ್ತರವನ್ನೂ ಕೇಳಬಹುದು. ಮನವಿಯ ಪ್ರತಿಯೊಂದಕ್ಕೆ ದಿನಾಂಕ ಸಹಿತ ಸ್ವೀಕೃತಿ ಪಡೆದು ಜೋಪಾನವಾಗಿಡಿ.