ಅಂಕೋಲೆಯಿಂದ ಮುಂದಿನ ಆಸ್ಪತ್ರೆಗೆ

ಅಂಕೋಲೆ ತಾಲೂಕಿನ ಪಡುವಣದಲ್ಲಿ ಅರಬ್ಬೀ ಸಮುದ್ರ, ಮೂಡಣದಲ್ಲಿ ಘಟ್ಟ, ತೆಂಕಣದಲ್ಲಿ ಗಂಗಾವಳಿ ನದಿ. ಬೇಲೆಕೇರಿ, ಹಾರವಾಡದ ಕಡೆ ಮೀನುಗಾರರ ಕೇರಿಗಳು. ಹೊಳೆಯ ಅಂಚಿಗೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳು. ಅವುಗಳಿಂದ ಒಳಗೆ ಹೋದಂತೆ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು. 1930ರ ಉಪ್ಪಿನ ಸತ್ಯಾಗ್ರಹಕ್ಕೂ ಆಮೇಲಿನ ಕರನಿರಾಕರಣೆಗೂ ಹೆಸರಾದ ನೆಲವಿದು. ಆ ಹೋರಾಟದ ಕತೆಯನ್ನು ಹೇಳಿದವರು ಬಹಳ ಮಂದಿ. ಇಲ್ಲಿಯವರು ಕಾಯಿಲೆ ಬಿದ್ದಾಗ ಎಲ್ಲಿಗೆ ಹೋದರು ಎಂಬ ಕತೆಯನ್ನು ಬರೆದವರು ಕಡಿಮೆ.

ಹೊರಗಿನವರೇ ಕಾಯಿಲೆ ಹೊತ್ತು ಇಲ್ಲಿಗೆ ಬರುತ್ತಾರೆ ಎಂಬುದು ಆ ಕತೆಯ ಒಂದು ಭಾಗ. ಪಟ್ಟಣಕ್ಕೆ ಹತ್ತಿರದ ಬೆಳಂಬಾರದಲ್ಲಿ ಹಾಲಕ್ಕಿ ಸಮುದಾಯದ ಹನುಮಂತ ಬೊಮ್ಮು ಗೌಡರು ಲಕ್ವಕ್ಕೆ ಮದ್ದು ಕೊಟ್ಟು ಹೆಸರಾದವರು. ಕರ್ನಾಟಕದ ಮೂಲೆಮೂಲೆಯಿಂದ, ಗೋವಾ, ಮಹಾರಾಷ್ಟ್ರಗಳಿಂದ ಕೈಕಾಲು ಸ್ವಾಧೀನ ತಪ್ಪಿದವರನ್ನು ಎತ್ತಿಕೊಂಡು ವಾಹನಗಳು ಬೆಳಂಬಾರಕ್ಕೆ ಬಂದಿವೆ. ದೊಡ್ಡ ಆಸ್ಪತ್ರೆಗಳಲ್ಲಿ ಇನ್ನು ಮನೆಗೆ ಕರೆದೊಯ್ಯಿರಿ ಎನಿಸಿಕೊಂಡವರಿಗೆ ಇಲ್ಲಿ ಒಬ್ಬರು ಮುಟ್ಟಿ ನೋಡುತ್ತಿದ್ದರು, ಬಳಿಯಲ್ಲಿ ಕೂತು ಕೇಳುತ್ತಿದ್ದರು. ಎಷ್ಟು ಜನ ಗುಣವಾದರು ಎಂದು ಲೆಕ್ಕ ಹೇಳುವುದಕ್ಕೆ ನಾನು ಹೊರಟಿಲ್ಲ. ಆ ಕುಟುಂಬ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಗಿಡಮೂಲಿಕೆಯ ಅರಿವಿಗೂ ರೋಗಿಗಳು ಅವರ ಮೇಲೆ ಇಟ್ಟ ನಂಬಿಕೆಗೂ ನನ್ನಲ್ಲಿ ಗೌರವವಿದೆ.

ಆದರೆ ಲಕ್ವದ ವಿಷಯದಲ್ಲಿ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಲೇಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಲಕ್ವ ಹೊಡೆದಿದ್ದರೆ, ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದು ಸೋರಿದೆಯೋ ಹೊರಗಿನಿಂದ ನೋಡಿ ತಿಳಿಯುವುದಿಲ್ಲ. ಸೋರಿದ್ದವರಿಗೆ ಅದೇ ಚುಚ್ಚುಮದ್ದು ಪ್ರಾಣಕ್ಕೆ ಎರವಾಗುತ್ತದೆ. ಬಾಯಿ ಸೊಟ್ಟಗಾದ, ಮಾತು ತೊದಲಿದ ಆ ಗಳಿಗೆಯಲ್ಲಿ ಹೋಗಬೇಕಾದದ್ದು ಆಸ್ಪತ್ರೆಗೇ. ಲಕ್ವದ ಮದ್ದಿಗೆ ನಾಡೆಲ್ಲ ಹುಡುಕಿಕೊಂಡು ಬರುವ ತಾಲೂಕಿನವರಿಗೇ ಈ ನಾಲ್ಕೂವರೆ ಗಂಟೆ ಸಾಲುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ನಾಡು ಹಾಡುಗಾರ್ತಿ ಎಂದೇ ನೆನೆಯುತ್ತದೆ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಹಾಲಕ್ಕಿ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತದ್ದು ನನ್ನ ಕಣ್ಣಿಗೆ ಈ ತಾಲೂಕಿನ ಆರೋಗ್ಯದ ಚರಿತ್ರೆಯಲ್ಲೇ ದೊಡ್ಡ ಘಟನೆ. ಕುಡಿತಕ್ಕೆ ಮಗನನ್ನು ಕಳೆದುಕೊಂಡ ತಾಯಿ ಅವರು. ಸರ್ಕಾರ ರಾಜ್ಯದಲ್ಲಿ ಸಾರಾಯಿ ನಿಲ್ಲಿಸಿದ್ದು 2007ರ ಜುಲೈಯಲ್ಲಿ. ಅದಕ್ಕೂ ಎಷ್ಟೋ ಮೊದಲು ಈ ಹೆಂಗಸರು ತಮ್ಮ ಕೇರಿಗಳಲ್ಲಿ ಅದನ್ನು ನಿಲ್ಲಿಸಲು ಹೊರಟಿದ್ದರು. ಯಕೃತ್ತು ಕೆಟ್ಟು ಸಾಯುವವರನ್ನು, ಕೂಲಿಯ ಹಣ ಮನೆಗೆ ಬಾರದೆ ಬಡಕಲಾಗುವ ಮಕ್ಕಳನ್ನು ಉಳಿಸಲು ಯಾವ ವೈದ್ಯರಾದರೂ ಇದಕ್ಕಿಂತ ಹೆಚ್ಚೇನು ಮಾಡಿಯಾರು?

ಸರ್ಕಾರದ ಕಡೆಯಿಂದ ಏನೂ ಆಗಿಲ್ಲ ಎಂದರೆ ತಪ್ಪಾದೀತು. ಪಟ್ಟಣದಲ್ಲಿ ತಾಲೂಕು ಆಸ್ಪತ್ರೆಯಿದೆ, ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. 108ರ ವಾಹನ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಇಲಿಜ್ವರ ಬಂದಾಗ, ಬಸುರಿಗೆ ದಿನ ತುಂಬಿದಾಗ ಮೊದಲು ಬಾಗಿಲಿಗೆ ಬರುವವಳು ಆಶಾ ಕಾರ್ಯಕರ್ತೆ. ಅವಳ ಗೌರವಧನ ಮಾತ್ರ ಇಂದಿಗೂ ಅವಳ ದುಡಿಮೆಗೆ ತಕ್ಕುದಲ್ಲ.

ತೊಡಕಿರುವುದು ಇದರ ಮುಂದಿನ ಹಂತದಲ್ಲಿ. ತಲೆಗೆ ಪೆಟ್ಟಾದರೆ, ಎದೆನೋವು ಬಿಗಿಯಾದರೆ, ಹುಟ್ಟಿದ ಮಗು ಉಸಿರಿಗೆ ಒದ್ದಾಡಿದರೆ ‘ಮುಂದೆ ತಕ್ಕೊಂಡು ಹೋಗಿ’ ಎಂದು ಚೀಟಿ ಬರೆದುಕೊಡುತ್ತಾರೆ. ಬಡಗಣಕ್ಕೆ ಗೋವಾದ ಬಾಂಬೋಲಿಂ, ತೆಂಕಣಕ್ಕೆ ಮಣಿಪಾಲ, ಅರಬೈಲು ಘಟ್ಟ ಹತ್ತಿದರೆ ಹುಬ್ಬಳ್ಳಿ. ಒಂದು ಪರರಾಜ್ಯದಲ್ಲಿ, ಉಳಿದೆರಡು ಪರಜಿಲ್ಲೆಗಳಲ್ಲಿ. 2011ರ ಜನಗಣತಿಯಲ್ಲೇ 14 ಲಕ್ಷ ಮೀರಿದ ಉತ್ತರ ಕನ್ನಡ ಜಿಲ್ಲೆಯ ಜನರ ಪಾಡು ಇದು.

ತೆಂಕಣದ ಮಣಿಪಾಲದ ದಾರಿಯ ಮೇಲೆ ಎರಡು ಶಿರೂರುಗಳಿವೆ. 2022ರ ಜುಲೈ 20ರಂದು, ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯತ್ತ ಹೊರಟಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರಿನ ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಅಪ್ಪಳಿಸಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆ ತಿಂಗಳು ಕರಾವಳಿಯುದ್ದಕ್ಕೂ ಎದ್ದಿತು. ಎರಡು ವರ್ಷದ ಮೇಲೆ, 2024ರ ಜುಲೈ 16ರಂದು, ಅಂಕೋಲೆಯದೇ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಚಹಾದ ಅಂಗಡಿ, ವಾಹನಗಳು ಗಂಗಾವಳಿಗೆ ಹೋದವು. ಹೊಳೆಯಾಚೆಯ ಉಳುವರೆಯ ಮನೆಗಳೂ ಉಳಿಯಲಿಲ್ಲ. ಮಣ್ಣು ತೆಗೆಯುವ ತನಕ ತೆಂಕಣದ ಹೆದ್ದಾರಿ ಮುಚ್ಚಿತ್ತು. ರೋಗಿಗಳಿಗೆ ಮಣಿಪಾಲದ ನೇರ ದಾರಿಯೂ ಅದರೊಂದಿಗೆ ಮುಚ್ಚಿತು.

ದೊಡ್ಡ ಆಸ್ಪತ್ರೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟಡ ಏಳುವವರೆಗೆ ಕಾಯಬೇಕಾಗಿಲ್ಲ. ತಾಲೂಕಿನ ಮಟ್ಟದಲ್ಲೇ ಹಗಲೂ ರಾತ್ರಿ ನಡೆಯುವ ಸ್ಕ್ಯಾನ್ ಯಂತ್ರ, ಆ ಚಿತ್ರವನ್ನು ದೂರದಿಂದಲೇ ಓದಿ ಹೇಳುವ ತಜ್ಞರು, ಚುಚ್ಚುಮದ್ದು ಕೊಡಲು ತರಬೇತಾದ ವೈದ್ಯರು, ಕಪಾಟಿನಲ್ಲಿ ಆ ಮದ್ದು, ಇಷ್ಟಿದ್ದರೆ ಲಕ್ವ ಹೊಡೆದವರ ಚಿಕಿತ್ಸೆ ಅಂಕೋಲೆಯಲ್ಲೇ ಶುರುವಾಗುತ್ತದೆ. ಮಣಿಪಾಲಕ್ಕೋ ಬಾಂಬೋಲಿಂಗೋ ಆಮೇಲೆ ಒಯ್ಯಬಹುದು.